ತುಕ್ಕಿಗೆ ತೇಪೆ ಸಾಲದು
ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದಂಥ ಕಡೆಯ ಹಲವು ಹಳೆಯ ಮನೆಗಳ ಬಚ್ಚಲಿನ ಕಬ್ಬಿಣದ ಪೈಪು ಚೊಂಬಿನಲ್ಲಿ ಹೊಯ್ದುಕೊಂಡ ನೀರಿಗೆ ಸಾಕಾಗಿತ್ತು. ವಾಷಿಂಗ್ ಮಷೀನ್ ಹಾಗಲ್ಲ. ಅದರ ಪಂಪು ಸೋಪಿನ ನೀರನ್ನು ಒಂದೇ ಸಮನೆ ನೂಕುತ್ತದೆ. ಸತುವಿನ ಲೇಪ ಸವೆದ ಪೈಪಿನೊಳಗೆ ತುಕ್ಕು ಹಕ್ಕಳೆಗಟ್ಟಿ, ಅದಕ್ಕೆ ಬಟ್ಟೆಯ ಜುಂಗು ಸಿಕ್ಕಿ ದಾರಿ ಕಿರಿದಾಗುತ್ತದೆ. ಕೊನೆಗೆ ಪೈಪು ತೂತಾಗಿ ಗೋಡೆಯಲ್ಲಿ ನೀರು ಒಸರುತ್ತದೆ. ತೂತಿಗೆ ಅಂಟು ಮೆತ್ತುವುದು ನಾಲ್ಕು ದಿನದ ಮಾತು. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ: ಪುಡಿಯಾಗಿ ಉದುರುವಷ್ಟನ್ನೂ ಕತ್ತರಿಸಿ, ಗಟ್ಟಿ ಲೋಹ ಸಿಕ್ಕಲ್ಲಿ ರಬ್ಬರ್ ಕಪ್ಲಿಂಗ್ ಹಾಕಿ 50 ಮಿ.ಮೀ. ಪಿವಿಸಿ ಪೈಪು ಜೋಡಿಸಬೇಕು. ಮಷೀನಿನ ಪೈಪನ್ನು ಅದರೊಳಗೆ ಸಡಿಲವಾಗಿ ಇಳಿಬಿಡಿ. ಗಾಳಿಯಾಡದಂತೆ ಬಿಗಿದರೆ ಕೊಳಕು ನೀರು ಮಷೀನಿಗೇ ವಾಪಸಾದೀತು. ಪ್ಲಂಬರ್ ಬಂದಾಗ ತೇಪೆ ಕೇಳಬೇಡಿ, ಪೈಪನ್ನೇ ಬದಲಿಸಲು ಹೇಳಿ.