ಬಣ್ಣದ ಒಡೆತನ

ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ಸೀಮೆಯಲ್ಲಿ ಮಸೂತಿ ಎಂಬ ಗ್ರಾಮವಿದೆ. ಮದುವೆಯಾಗಲಿ, ಕುಬಸದ ಕಾರ್ಯವಾಗಲಿ, ಊರ ಜಾತ್ರೆಯಾಗಲಿ, ಈ ಸೀಮೆಯ ಹೆಂಗಳೆಯರಿಗೆ ಇಳಕಲ್ ಸೀರೆಯೂ ಗುಳೇದಗುಡ್ಡದ ಖಣದ ಕುಪ್ಪಸವೂ ತಲೆತಲಾಂತರದಿಂದ ಬಂದ ಉಡುಗೆ. ಆ ಸೀರೆಯು ಕೃಷ್ಣಾ ನದಿಯ ಆಚೆಯ ದಡದ ನಾಡಿನಿಂದ ಬರುತ್ತದೆ. ಅದರ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಹತ್ತಿಯ ಎಳೆಗಳ ತುದಿಗೆ ರೇಷ್ಮೆಯ ಎಳೆಗಳನ್ನು ಕುಣಿಕೆ ಕುಣಿಕೆಯಾಗಿ ಕೂಡಿಸಿ, ಎರಡನ್ನೂ ಒಂದೇ ಬಟ್ಟೆಯಾಗಿಸುವ ಜಾಣ್ಮೆ ಅಲ್ಲಿಯ ನೇಕಾರರದು. ಈ ಜೋಡಣೆಯನ್ನು ಮೊದಲು ಕಂಡುಹಿಡಿದವನು ಯಾರು? ಅವನ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ, ಯಾವ ಕಚೇರಿಯ ಕಡತದಲ್ಲಿಯೂ ಇಲ್ಲ. ಅವನ ಬುದ್ಧಿ ಉಳಿಯಿತು, ಹೆಸರು ಅಳಿಯಿತು.

ಹೊಸದನ್ನು ಕಂಡುಹಿಡಿದವನಿಗೆ ಅದರ ಮೇಲೆ ಕೆಲಕಾಲ ಒಡೆತನ ಕೊಡುವ ಏರ್ಪಾಡಿಗೆ ‘ಪೇಟೆಂಟ್’ ಎಂದು ಹೆಸರು. ಇದು ಸಮಾಜಕ್ಕೂ ಸಂಶೋಧಕನಿಗೂ ನಡುವೆ ಆಗುವ ಒಂದು ಕರಾರು. ಸಂಶೋಧಕನು ತನ್ನ ಉಪಾಯವನ್ನು ಮುಚ್ಚುಮರೆಯಿಲ್ಲದೆ ಬರೆದು ಸರಕಾರಕ್ಕೆ ಒಪ್ಪಿಸಬೇಕು. ಅದಕ್ಕೆ ಪ್ರತಿಯಾಗಿ ಸರಕಾರವು, ನಿಯತ ಕಾಲದವರೆಗೆ ಅವನ ಒಪ್ಪಿಗೆಯಿಲ್ಲದೆ ಅನ್ಯರು ಅದನ್ನು ಬಳಸದಂತೆ ಕಾಯುತ್ತದೆ. ಭಾರತದಲ್ಲಿ ಇಂದು ಆ ಅವಧಿ 20 ವರ್ಷ. ಅವಧಿ ತೀರಿದೊಡನೆ ಆ ಜ್ಞಾನವು ಊರ ಕೆರೆಯ ನೀರಿನಂತೆ ಎಲ್ಲರ ಸೊತ್ತಾಗುತ್ತದೆ. ಗುಟ್ಟಾಗಿ ಉಳಿದು ಒಡೆಯನೊಡನೆ ಮಣ್ಣುಗೂಡುವ ವಿದ್ಯೆಯು ಹೀಗೆ ಬರಹದಲ್ಲಿ ಬದುಕುತ್ತದೆ ಎಂಬುದೇ ಈ ಏರ್ಪಾಡಿನ ಹಿರಿಮೆ.

1856ನೆಯ ಇಸವಿಯು ಈ ಕಥೆಯಲ್ಲಿ ನೆನಪಿಡತಕ್ಕದ್ದು. ಭಾರತದಲ್ಲಿ ಸಂಶೋಧಕರ ಹಕ್ಕನ್ನು ಕುರಿತ ಮೊದಲ ಕಾಯಿದೆ ಬಂದುದು ಆ ವರ್ಷದಲ್ಲಿಯೇ. ಅದೇ ವರ್ಷ ಲಂಡನ್ನಿನಲ್ಲಿ ವಿಲಿಯಂ ಹೆನ್ರಿ ಪರ್ಕಿನ್ ಎಂಬ ಹದಿನೆಂಟು ವರ್ಷದ ವಿದ್ಯಾರ್ಥಿಯು ಮಲೇರಿಯಾ ಜ್ವರಕ್ಕೆ ಮದ್ದಾದ ಕ್ವಿನೈನನ್ನು ಕೃತಕವಾಗಿ ತಯಾರಿಸಲು ಹೊರಟನು. ಮದ್ದು ದೊರೆಯಲಿಲ್ಲ. ಪಾತ್ರೆಯ ತಳದಲ್ಲಿ ಕಪ್ಪು ಗಷ್ಟು ಉಳಿಯಿತು. ಅದನ್ನು ತೊಳೆದು ಎಸೆಯದೆ ಅವನು ಪರೀಕ್ಷಿಸಿದನು. ರೇಷ್ಮೆಗೆ ಹಿಡಿಯುವ ಸೊಗಸಾದ ನೇರಳೆ ಬಣ್ಣ ಅದರಲ್ಲಿತ್ತು. ಕಲ್ಲಿದ್ದಲಿನ ಡಾಂಬರಿನಿಂದ ಹುಟ್ಟಿದ ಆ ಬಣ್ಣಕ್ಕೆ ಅವನು ಅದೇ ವರ್ಷ ಪೇಟೆಂಟ್ ಪಡೆದನು. ಕೃತಕ ಬಣ್ಣಗಳ ಮಹೋದ್ಯಮಕ್ಕೆ ಇದು ನಾಂದಿಯಾಯಿತು. ಅದೇ ಪರ್ಕಿನ್ನನು 1869ರಲ್ಲಿ ಮಂಜಿಷ್ಠದ ಕೆಂಪನ್ನು ಕೃತಕವಾಗಿ ಮಾಡುವ ವಿಧಾನಕ್ಕೆ ಅರ್ಜಿ ಸಲ್ಲಿಸಿದಾಗ ಜರ್ಮನ್ ವಿಜ್ಞಾನಿಗಳು ಕೇವಲ ಒಂದು ದಿನ ಮೊದಲು ಅರ್ಜಿ ಹಾಕಿದ್ದರು! ಬುದ್ಧಿಯ ಜಗತ್ತಿನಲ್ಲಿ ಒಂದು ದಿನದ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕನ್ನಡ ಕರಾವಳಿಯಲ್ಲಿಯೂ ಇಂಥ ಒಂದು ಕಥೆಯುಂಟು. ಬಾಸೆಲ್ ಮಿಷನ್ನಿನ ಹಾಲರ್ ಎಂಬ ನುರಿತ ನೇಕಾರನು 1851ರಲ್ಲಿ ಮಂಗಳೂರಿಗೆ ಬಂದು, ಅಲ್ಲಿಯ ನೇಯ್ಗೆಯ ಕಾರ್ಖಾನೆಯಲ್ಲಿ ಹಾರುಲಾಳಿಯ ಮಗ್ಗವನ್ನು ಬಳಕೆಗೆ ತಂದನು. ಗೇರು ಜಾತಿಯ ಮರದ ರಸದಿಂದ ಅವನು ಖಾಕಿ ಬಣ್ಣವನ್ನು ಸಿದ್ಧಪಡಿಸಿದನೆಂದೂ, ಕೆನರಾ ಜಿಲ್ಲೆಯ ಪೊಲೀಸರು ಆ ಬಟ್ಟೆಯನ್ನು ತೊಟ್ಟರೆಂದೂ ಮಿಷನ್ನಿನ ಚರಿತ್ರೆಯು ಹೇಳುತ್ತದೆ. ದೇಶದ ವಾಯವ್ಯ ಗಡಿಯ ಸೈನಿಕರಲ್ಲಿ ಮಣ್ಣಿನ ಬಣ್ಣದ ಉಡುಪು ಅದಕ್ಕೂ ಮೊದಲೇ ಇತ್ತು. ಖಾಕಿ ಎಂಬ ಮಾತಿನ ಅರ್ಥವೇ ಧೂಳಿನ ಬಣ್ಣದ್ದು ಎಂದು. ಆದರೆ ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿ ಎಫ್. ಎ. ಗ್ಯಾಟಿ ಎಂಬುವನು ಕಬ್ಬಿಣ ಮತ್ತು ಕ್ರೋಮಿಯಂ ಲವಣಗಳನ್ನು ಹತ್ತಿಯ ಎಳೆಯಲ್ಲಿಯೇ ನೆಲೆಗೊಳಿಸಿ, ಒಗೆದರೂ ಬಿಸಿಲಿಗೆ ಹಾಕಿದರೂ ಮಾಸದ ಖಾಕಿಯನ್ನು ತಯಾರಿಸಿ 1884ರಲ್ಲಿ ಪೇಟೆಂಟ್ ಪಡೆದನು. ಸೈನ್ಯದ ಬಟ್ಟೆಯ ವ್ಯಾಪಾರವು ಅವನ ಸಂಸ್ಥೆಯ ಕೈಸೇರಿತು.

ಇಲ್ಲಿ ಗ್ಯಾಟಿಯನ್ನು ಕಳ್ಳನೆಂದು ಜರೆಯುವುದು ಸಲ್ಲದು. ಅವನ ವಿಧಾನ ಬೇರೆಯೇ ಆಗಿತ್ತು. ಬಣ್ಣ ಮಾಸುವುದೆಂಬ ತೊಡಕನ್ನು ಅವನು ಬಿಡಿಸಿದನು. ಬಿಡಿಸಿದ ಬಗೆಯನ್ನು ಬರೆದಿಟ್ಟನು. ಖಾಕಿಯ ಕಥೆಯಲ್ಲಿ ಕಲಿಯಬೇಕಾದುದು ಇದೇ. ಬಣ್ಣವನ್ನು ಕಾಣುವುದು ಒಂದು ಸಾಧನೆ. ಅದನ್ನು ನಿಲ್ಲುವಂತೆ ಮಾಡುವುದು ಇನ್ನೊಂದು ಸಾಧನೆ. ಮಾಡಿದ್ದನ್ನು ಪರರು ಓದಿ ಮಾಡಬಲ್ಲಂತೆ ಬರೆಯುವುದು ಮೂರನೆಯದು. ಮೂರೂ ಕೂಡಿದಲ್ಲಿ ಮಾತ್ರ ಹಕ್ಕು ಹುಟ್ಟುತ್ತದೆ.

ಹಾಗೆಂದು ಪೇಟೆಂಟುಗಳಿಂದ ಎಲ್ಲವೂ ಒಳಿತೇ ಆಯಿತೆಂದು ಹೇಳಲಾಗದು. ಹಾರುಲಾಳಿಗೆ 1733ರಲ್ಲಿ ಹಕ್ಕು ಪಡೆದ ಜಾನ್ ಕೇ, ಅದನ್ನು ಹಣ ಕೊಡದೆ ಬಳಸಿದ ಬಟ್ಟೆಯ ಧಣಿಗಳ ಮೇಲೆ ದಾವೆ ಹೂಡಿ ಹೂಡಿ ಸೋತು, ಕೊನೆಗೆ ಫ್ರಾನ್ಸಿಗೆ ಹೋಗಿ ಬಡತನದಲ್ಲಿ ತೀರಿಕೊಂಡನು. ಅವನಿಗೆ ಕಾಗದದ ಹಕ್ಕಿತ್ತು, ಅದನ್ನು ಕಾಯುವ ಬಲವಿರಲಿಲ್ಲ. ಇನ್ನೊಂದು ಕಡೆ, ಜರ್ಮನಿಯ ಬೇಯರ್ ಎಂಬ ವಿಜ್ಞಾನಿ 1880ರಲ್ಲಿ ನೀಲಿಯನ್ನು ಪ್ರಯೋಗಶಾಲೆಯಲ್ಲಿ ರಚಿಸಿದನು. ಹದಿನೇಳು ವರ್ಷಗಳ ಪ್ರಯತ್ನದ ತರುವಾಯ, 1897ರಲ್ಲಿ, ಜರ್ಮನ್ ಕಾರ್ಖಾನೆಯ ನೀಲಿಯು ಮಾರುಕಟ್ಟೆಗೆ ಬಂದಿತು. ಭಾರತದ ನೀಲಿ ಬೆಳೆಯ ವ್ಯಾಪಾರ ಕೆಲವೇ ವರ್ಷಗಳಲ್ಲಿ ಕುಸಿಯಿತು. ನೀಲಿಯ ತೋಟಗಾರರ ದಬ್ಬಾಳಿಕೆಯಲ್ಲಿ ಬೆಂದ ರೈತನಿಗೆ ಈ ಕುಸಿತವು ಒಡನೆಯೇ ಬಿಡುಗಡೆಯನ್ನು ತರಲಿಲ್ಲ; 1917ರಲ್ಲಿ ಗಾಂಧೀಜಿಯವರು ಚಂಪಾರಣ್ಯಕ್ಕೆ ಹೋಗಬೇಕಾಯಿತು. ಒಂದೆಡೆಯ ಸಂಶೋಧನೆಯು ಇನ್ನೊಂದೆಡೆಯ ಅನ್ನವನ್ನು ಅಲುಗಿಸುತ್ತದೆ ಎಂಬುದನ್ನು ಮರೆತು ವಿಜ್ಞಾನವನ್ನು ಹೊಗಳುವುದು ಅರ್ಧ ಸತ್ಯ.

ಆದರೂ ನೊಂದವರ ಕಥೆಗಳಿಂದ ಹಕ್ಕೇ ಬೇಡವೆಂದು ತೀರ್ಮಾನಿಸುವುದು ವಿವೇಕವಲ್ಲ. ಜಪಾನಿನ ಬಡಗಿಯೊಬ್ಬನ ಮಗ ಸಕಿಚಿ ಟೊಯೋಡಾ ಮರದ ಕೈಮಗ್ಗವನ್ನು ಸುಧಾರಿಸಿ 1891ರಲ್ಲಿ ತನ್ನ ಮೊದಲ ಪೇಟೆಂಟ್ ಪಡೆದನು. 1924ರಲ್ಲಿ, ಓಟ ನಿಲ್ಲದೆಯೇ ಲಾಳಿ ಬದಲಾಗುವ ಸ್ವಯಂಚಾಲಿತ ಮಗ್ಗವನ್ನು ಸಿದ್ಧಪಡಿಸಿದನು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಸೋದರರ ಸಂಸ್ಥೆಯು ಅದರ ಹಕ್ಕನ್ನು ಹಣ ತೆತ್ತು ಕೊಂಡಿತು. ಜಗತ್ತಿಗೆ ಮಗ್ಗ ಮಾರಿದ ದೇಶವೇ ಜಪಾನಿನ ಮಗ್ಗಕ್ಕೆ ಕೈಚಾಚಿತು! ಆ ಮಗ್ಗದ ಮನೆತನವೇ ಮುಂದೆ ಮೋಟಾರು ವಾಹನಗಳ ಉದ್ಯಮವನ್ನು ಕಟ್ಟಿತು. ಬಿಡದಿಯಲ್ಲಿರುವ ಟೊಯೋಟಾ ಕಾರ್ಖಾನೆಯ ಮೂಲವನ್ನು ಹುಡುಕುತ್ತ ಹೋದರೆ ಕೊನೆಗೆ ಸಿಗುವುದು ಮರದ ಮಗ್ಗ. ಕನ್ನಡಿಗರಲ್ಲಿಯೂ ಇಂಥ ದೃಷ್ಟಿಯಿದ್ದ ಮಹನೀಯರು ಇಲ್ಲದಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಪ್ರವಾಹದ ನೀರು ಏರಿದಾಗ ತಾವಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು ರಚಿಸಿ ಪೇಟೆಂಟ್ ಪಡೆದರು. 1903ರಲ್ಲಿ ಪುಣೆಯ ಬಳಿಯ ಖಡಕವಾಸಲಾ ಜಲಾಶಯದಲ್ಲಿ ಅವನ್ನು ಅಳವಡಿಸಲಾಯಿತು.

ಹಕ್ಕಿಗೆ ಮೇರೆಯೂ ಇರಬೇಕು. ಜನರು ಮೊದಲೇ ಬಲ್ಲ ವಿದ್ಯೆಗೆ ಒಬ್ಬನು ಬೇಲಿ ಹಾಕುವುದು ಸಂಶೋಧನೆಯಲ್ಲ, ಅತಿಕ್ರಮಣ. ಗಾಯಕ್ಕೆ ಅರಿಸಿನ ಹಚ್ಚುವುದನ್ನು ಅರಿಯದ ಮನೆ ಭಾರತದಲ್ಲಿಲ್ಲ. ಆದರೂ 1995ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿಯು ಅದನ್ನು ಪ್ರಶ್ನಿಸಿತು. 1997ರಲ್ಲಿ ಅದು ರದ್ದಾಯಿತು. ಗೆಲವಿಗೆ ಆಧಾರವಾದುದು ಹಳೆಯ ಗ್ರಂಥಗಳು ಮತ್ತು ಅಚ್ಚಾದ ಲೇಖನಗಳು. ಕೋಟ್ಯಂತರ ಅಜ್ಜಿಯರ ಕೈಗುಣಕ್ಕಿಂತ ಕೆಲವು ಹಾಳೆಗಳ ಬರಹವೇ ಅಲ್ಲಿ ಸಾಕ್ಷಿಯಾಯಿತು. ಸಾಂಪ್ರದಾಯಿಕ ಜ್ಞಾನವು ಹೊಸ ಸಂಶೋಧನೆಯೆನಿಸದು ಎಂದು ಭಾರತದ ಕಾಯಿದೆಯೂ ಇಂದು ಸ್ಪಷ್ಟವಾಗಿ ಹೇಳುತ್ತದೆ.

ಹಾಗಾದರೆ ಇಳಕಲ್ಲಿನ ನೇಕಾರನ ಪಾಡೇನು? ಅವನ ಕುಣಿಕೆಯ ಜೋಡಣೆಗೆ ಪೇಟೆಂಟ್ ಸಿಗದು. ಅದು ಹಳೆಯದು, ಎಲ್ಲರೂ ಬಲ್ಲದ್ದು. ಅವನಿಗಾಗಿ ಬೇರೊಂದು ಕಾಯಿದೆಯುಂಟು. 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚನೆಗಳ ಕಾಯಿದೆಯು ಊರಿನ ಹೆಸರನ್ನು ಆ ಊರಿನ ಕಸುಬುದಾರರ ಸಮುದಾಯಕ್ಕೆ ಕಾಯ್ದಿರಿಸುತ್ತದೆ. ಇಳಕಲ್ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಈ ಮನ್ನಣೆ ದೊರೆತಿದೆ. ಆದರೆ ಈ ಕಾಯಿದೆ ಕಾಯುವುದು ಹೆಸರನ್ನು ಮಾತ್ರ. ವಿದ್ಯುತ್ ಮಗ್ಗದಲ್ಲಿ ಅಗ್ಗವಾಗಿ ನೇಯ್ದ, ಅದೇ ಅಂಚು ಅದೇ ಬಣ್ಣದ ಬಟ್ಟೆಯನ್ನು ಬೇರೆ ಹೆಸರಿನಲ್ಲಿ ಮಾರಿದರೆ ಹೆಸರಿನ ಕಾವಲು ಏನು ಮಾಡೀತು? ಕೊಳ್ಳುವವರು ಕೈಮಗ್ಗದ ಗುರುತನ್ನು ಅರಿತು ಕೇಳಬೇಕು. ನೇಕಾರನ ಮಕ್ಕಳು ಹಳೆಯ ಕಸುಬಿಗೆ ಹೊಸ ಬುದ್ಧಿಯನ್ನು ಕೂಡಿಸಬೇಕು.

ಹೊಸ ಬುದ್ಧಿಗೆ ಎಡೆಯಿಲ್ಲವೆನ್ನುವಂತಿಲ್ಲ. ಹಾಸನ್ನು ಕೂಡಿಸುವ ಕೆಲಸದಲ್ಲಿ ಕಣ್ಣಿಗೂ ಬೆರಳಿಗೂ ಆಗುವ ಆಯಾಸವನ್ನು ತಗ್ಗಿಸುವ ಸಾಧನ ಬೇಕು. ದಿನವಿಡೀ ಕುಣಿಯಲ್ಲಿ ಕುಳಿತು ನೇಯುವವನ ಸೊಂಟ ಮೊಣಕಾಲುಗಳಿಗೆ ಸುಖ ಕೊಡುವ ಮಗ್ಗ ಬೇಕು. ಬಣ್ಣದ ಕೆಲಸಕ್ಕೆ ಬೇಕಾಗುವ ನೀರು ಬಹಳ. ಎಳೆಗೆ ಹಿಡಿಯದೆ ಉಳಿದ ಬಣ್ಣವೂ ಲವಣವೂ ಶುದ್ಧಿಯಾಗದೆ ಹರಿದರೆ ಹಳ್ಳವೂ ಬಾವಿಯೂ ಕೆಡುತ್ತವೆ. ಮಳೆಗಾಗಿ ಮುಗಿಲು ನೋಡುವ ಈ ಸೀಮೆಗೆ ಕಡಿಮೆ ನೀರಿನಲ್ಲಿ ಗಟ್ಟಿಯಾಗಿ ಹಿಡಿಯುವ ಬಣ್ಣಕ್ಕಿಂತ ಬೆಲೆಯುಳ್ಳ ಸಂಶೋಧನೆ ಇನ್ನಾವುದಿದ್ದೀತು? ಇವುಗಳಲ್ಲಿ ಒಂದನ್ನಾದರೂ ಸಾಧಿಸಿದವನು ನಿಜವಾಗಿ ಪೇಟೆಂಟಿಗೆ ಅರ್ಹನು.

ಪೇಟೆಂಟ್ ಸಿರಿವಂತರ ಸೊತ್ತೆಂಬ ಅಳುಕು ಹಳ್ಳಿಯವರಲ್ಲಿ ಸಹಜ. ಅದನ್ನು ಕಳೆಯಲು ಕೆಲವು ದಾರಿಗಳಿವೆ. 2000ದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನವು ಶಾಲೆ ಕಾಲೇಜುಗಳ ಮೆಟ್ಟಿಲು ಹತ್ತದ ಸಂಶೋಧಕರಿಗೂ ನೆರವಾಗುತ್ತದೆ. 2021ರ ನಿಯಮಗಳು ವಿದ್ಯಾಸಂಸ್ಥೆಗಳಿಗೆ ಶುಲ್ಕವನ್ನು ಬಹುಮಟ್ಟಿಗೆ ಇಳಿಸಿವೆ. ಆದರೆ ಒಂದು ಎಚ್ಚರ ಅಗತ್ಯ. ಅರ್ಜಿ ಹಾಕುವ ಮೊದಲೇ ಉಪಾಯವನ್ನು ಹತ್ತು ಜನರ ಮುಂದೆ ಬಿಚ್ಚಿಟ್ಟರೆ ಅದು ಹೊಸತೆನಿಸಿಕೊಳ್ಳುವ ಯೋಗ್ಯತೆಯನ್ನೇ ಕಳೆದುಕೊಳ್ಳಬಹುದು. ಹಕ್ಕು ದೊರೆತ ಮೇಲೂ ಅದನ್ನು ಕಾಯಲು ಒಗ್ಗಟ್ಟು ಬೇಕು. ಜಾನ್ ಕೇಯ ಎದುರಾಳಿಗಳು ಸಂಘ ಕಟ್ಟಿಕೊಂಡು ದಾವೆಯ ಖರ್ಚನ್ನು ಹಂಚಿಕೊಂಡರು, ಅವನು ಒಬ್ಬಂಟಿಗನಾಗಿದ್ದನು. ನೇಕಾರರ ಸಹಕಾರ ಸಂಘಗಳು ಈ ಪಾಠವನ್ನು ಮನಗಾಣಬೇಕು.

ಕಸುಬನ್ನು ಕೈಯಿಂದ ಕೈಗೆ ದಾಟಿಸಿದ ಪೂರ್ವಜರ ಔದಾರ್ಯ ದೊಡ್ಡದು. ಅದನ್ನು ಬರಹಕ್ಕೆ ಇಳಿಸದೆ ಹೋದುದರಿಂದ ಆದ ನಷ್ಟವೂ ಸಣ್ಣದಲ್ಲ. ಮಗ್ಗದ ಮುಂದೆ ಕುಳಿತವನಿಗೆ ಲಾಳಿ ಎಷ್ಟು ಮುಖ್ಯವೋ ಲೇಖನಿಯೂ ಅಷ್ಟೇ ಮುಖ್ಯವಾಗುವ ಕಾಲ ಇದು. ಬಣ್ಣದ ತೊಟ್ಟಿಯಲ್ಲಿ ಇಂದು ಯಾವ ಪುಡಿಯನ್ನು ಎಷ್ಟು ಹಾಕಿದೆ, ಎಷ್ಟು ಹೊತ್ತು ಕುದಿಸಿದೆ, ಏನು ಕೆಟ್ಟಿತು, ಏನು ನಿಂತಿತು ಎಂದು ದಿನದಿನವೂ ಬರೆದಿಡುವ ಹುಡುಗನೋ ಹುಡುಗಿಯೋ ಮಸೂತಿಯಂಥ ಊರುಗಳಲ್ಲಿ ಹುಟ್ಟಿದ ದಿನ, ನೂರಾರು ವರ್ಷ ಹೆಸರಿಲ್ಲದೆ ದುಡಿದ ಜಾಣ್ಮೆಗೆ ಹೆಸರು ಬರುತ್ತದೆ.