ಅಲ್ಪ ಕಾರಣ, ಅನಲ್ಪ ಅನರ್ಥ

ದೊಡ್ಡ ಕಷ್ಟಗಳನ್ನು ತಾಳಿಕೊಳ್ಳುವ ಮನುಷ್ಯನು ಸಣ್ಣ ಕಿರುಕುಳಗಳನ್ನು ತಾಳಿಕೊಳ್ಳಲಾರನೆಂಬುದು ಸಂಸಾರ ನಡೆಸಿದವರೆಲ್ಲರ ಅನುಭವವಷ್ಟೆ. ಬೆಳೆ ಕೈಕೊಟ್ಟ ವರ್ಷ ಮೌನವಾಗಿದ್ದ ಯಜಮಾನನು ಊಟದ ಎಲೆಯಲ್ಲಿ ಒಂದು ಕೂದಲು ಕಂಡರೆ ಮನೆಯನ್ನೇ ತಲೆಯ ಮೇಲೆ ಹೊರುವುದುಂಟು. ಮನೆಯೊಳಗಾದರೆ ಇಂತಹ ಕೋಪವನ್ನು ತಣಿಸಲು ತಾಯಿಯೋ ಅಕ್ಕನೋ ಅತ್ತಿಗೆಯೋ ಯಾರಾದರೊಬ್ಬರಿರುವರು. ಆದರೆ ಅಪರಿಚಿತರು ನೆರೆಯುವ ಸ್ಥಳಗಳಲ್ಲಿ, ಅಂದರೆ ಚಿತ್ರಮಂದಿರದಲ್ಲಿ, ಅಂಗಡಿಯ ಮುಂದೆ, ವಾಹನ ನಿಲ್ಲಿಸುವ ತಾಣದಲ್ಲಿ, ಕೋಪವನ್ನು ತಡೆಯುವವರು ಯಾರು? ಈ ತಿಂಗಳು ಈ ಪ್ರಶ್ನೆಯನ್ನು ನಮ್ಮ ವಾಚಕರ ಮುಂದಿಡಬೇಕೆಂದಿರುವೆವು. ಇದಕ್ಕೆ ನಿದರ್ಶನವಾಗಿ ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ನಡೆದ ಒಂದು ಸಂಗತಿಯನ್ನು ಮೊದಲು ಹೇಳುವೆವು.

2014ನೆಯ ಇಸವಿಯ ಜನವರಿ 13ನೆಯ ದಿನ, ಟ್ಯಾಂಪಾ ನಗರದ ಉತ್ತರಕ್ಕಿರುವ ವೆಸ್ಲಿ ಚಾಪೆಲ್ ಎಂಬಲ್ಲಿಯ ಚಿತ್ರಮಂದಿರಕ್ಕೆ ಎರಡು ದಂಪತಿಗಳು ಮಧ್ಯಾಹ್ನದ ಆಟಕ್ಕೆ ಬಂದಿದ್ದರು. ಹಿಂದಿನ ಸಾಲಿನಲ್ಲಿ ಕುಳಿತವನು 71 ವರ್ಷದ ವೃದ್ಧ. ಟ್ಯಾಂಪಾ ಪೊಲೀಸಿನಲ್ಲಿ ಕ್ಯಾಪ್ಟನ್ ಪದವಿಯವರೆಗೆ ಏರಿ ನಿವೃತ್ತನಾದವನು. ಮುಂದಿನ ಸಾಲಿನಲ್ಲಿದ್ದವನು 43 ವರ್ಷದ ಗೃಹಸ್ಥ; ಒಂದು ಹೆಣ್ಣು ಕೂಸಿನ ತಂದೆ. ಮುಖ್ಯ ಚಿತ್ರವು ಇನ್ನೂ ಆರಂಭವಾಗಿರಲಿಲ್ಲ; ಮುಂಬರುವ ಚಿತ್ರಗಳ ತುಣುಕುಗಳನ್ನು ತೋರಿಸುತ್ತಿದ್ದರು. ಆಗ ಈ ತಂದೆಯು ಮಗುವನ್ನು ನೋಡಿಕೊಳ್ಳುತ್ತಿದ್ದವರೊಡನೆ ಮೊಬೈಲು ಫೋನಿನಲ್ಲಿ ಸಂದೇಶ ವಿನಿಮಯ ಮಾಡುತ್ತಿದ್ದನು. ಕತ್ತಲೆಯಲ್ಲಿ ಫೋನಿನ ಬೆಳಕು ವೃದ್ಧನ ಕಣ್ಣಿಗೆ ಚುಚ್ಚಿತು. ಫೋನನ್ನು ತೆಗೆದಿಡೆಂದು ಹೇಳಿದನು. ಅವನು ಕೇಳಲಿಲ್ಲ. ವೃದ್ಧನು ಎದ್ದು ಚಿತ್ರಮಂದಿರದವರಲ್ಲಿ ದೂರು ಹೇಳಲು ಹೋಗಿ ಒಬ್ಬನೇ ಹಿಂತಿರುಗಿದನು. ಮತ್ತೆ ಮಾತಿಗೆ ಮಾತು ಬೆಳೆಯಿತು. ಮುಂದಿನವನು ವೃದ್ಧನ ಕೈಯಲ್ಲಿದ್ದ ಪಾಪ್‌ಕಾರ್ನ್ ಎಂಬ ಜೋಳದ ಅರಳಿನ ಪೊಟ್ಟಣವನ್ನು ಕಿತ್ತು ಅವನ ಮೇಲೆಯೇ ಎಸೆದನು. ಮರುಕ್ಷಣವೇ ವೃದ್ಧನು ಕಿಸೆಯಿಂದ ಪಿಸ್ತೂಲು ತೆಗೆದು ಗುಂಡು ಹಾರಿಸಿದನು. ಗಂಡನನ್ನು ತಡೆಯಲೆಂದು ಅವನ ಎದೆಯ ಮೇಲೆ ಕೈಯಿಟ್ಟಿದ್ದ ಹೆಂಡತಿಯ ಕೈಗೂ ಆ ಗುಂಡಿನಿಂದ ಗಾಯವಾಯಿತು. ಗಂಡನು ಬದುಕಲಿಲ್ಲ.

ಕೊಲೆಯ ಆರೋಪ ಹೊತ್ತ ವೃದ್ಧನು ತನ್ನ ಮೇಲೆ ಹಲ್ಲೆಯಾಗುವುದೆಂಬ ಪ್ರಾಣಭಯದಿಂದ ಗುಂಡು ಹಾರಿಸಿದೆನೆಂದು ವಾದಿಸಿದನು. ಎಂಟು ವರ್ಷಗಳು ಕಳೆದ ಮೇಲೆ, 2022ನೆಯ ಫೆಬ್ರವರಿ 25ರಂದು, ಆರು ಮಂದಿ ಜ್ಯೂರಿಗಳು ಅವನನ್ನು ನಿರ್ದೋಷಿಯೆಂದರು. ಆ ತೀರ್ಪನ್ನು ಇಲ್ಲಿ ಕುಳಿತು ತೂಗುವುದು ನಮ್ಮ ಉದ್ದೇಶವಲ್ಲ. ಆದರೆ ವಿಚಾರಣೆಯಲ್ಲಿ ಹೊರಬಂದ ಒಂದು ಸಂಗತಿಯನ್ನು ಗೃಹಸ್ಥರು ಗಮನಿಸಬೇಕು. ಆ ವೃದ್ಧನ ಮಗನೂ ಅದೇ ಆಟಕ್ಕೆ ಬರುವವನಿದ್ದನು. ತಂದೆಯು ಜಗಳಕ್ಕೆ ಸ್ವಲ್ಪ ಮುಂಚೆ ಅದೇ ಚಿತ್ರಮಂದಿರದೊಳಗಿಂದ ತನ್ನ ಫೋನಿನಲ್ಲಿಯೇ ಮಗನಿಗೆ ಸಂದೇಶ ಕಳುಹಿಸಿದ್ದನು! ನಮ್ಮ ಮಕ್ಕಳ ವಿಷಯವಾದರೆ ಅಗತ್ಯ, ಪರರ ಮಕ್ಕಳ ವಿಷಯವಾದರೆ ಉಪದ್ರವ. ಈ ಎರಡು ಬಗೆಯ ತಕ್ಕಡಿ ನಮ್ಮೆಲ್ಲರ ಮನೆಗಳಲ್ಲಿಯೂ ಇಲ್ಲವೆ?

ಇದು ಎಲ್ಲೋ ಒಮ್ಮೆ ನಡೆದ ಅಪೂರ್ವ ಸಂಗತಿಯೆನ್ನುವಂತಿಲ್ಲ. ಅದೇ ಫ್ಲಾರಿಡಾದ ಜಾಕ್ಸನ್‌ವಿಲ್ ನಗರದಲ್ಲಿ, 2012ನೆಯ ನವೆಂಬರ್ 23ರಂದು, ಪೆಟ್ರೋಲ್ ಅಂಗಡಿಯ ಮುಂದೆ ನಿಂತಿದ್ದ ಕಾರಿನಲ್ಲಿ ಹುಡುಗರು ಸಂಗೀತವನ್ನು ಗಟ್ಟಿಯಾಗಿ ಹಾಕಿಕೊಂಡಿದ್ದರೆಂದು ಪಕ್ಕದ ಕಾರಿನವನು ಜಗಳ ತೆಗೆದು ಹತ್ತು ಗುಂಡುಗಳನ್ನು ಹಾರಿಸಿದನು. 17 ವರ್ಷದ ಒಬ್ಬ ಹುಡುಗನು ಸತ್ತನು. ಗುಂಡು ಹಾರಿಸಿದವನಿಗೆ 2014ರಲ್ಲಿ ಬದುಕಿರುವವರೆಗೂ ಸೆರೆಮನೆಯೆಂಬ ಶಿಕ್ಷೆಯಾಯಿತು. 2018ನೆಯ ಜುಲೈ 19ರಂದು ಕ್ಲಿಯರ್‌ವಾಟರ್ ಎಂಬ ಊರಿನಲ್ಲಿ, ಅಂಗವಿಕಲರಿಗೆಂದು ಮೀಸಲಾದ ಸ್ಥಳದಲ್ಲಿ ಕಾರು ನಿಲ್ಲಿಸಿದ ಹೆಂಗಸಿನೊಡನೆ ಒಬ್ಬನು ವಾದಕ್ಕಿಳಿದನು. ಅವಳ ಜೊತೆಗಾರನು ಅಂಗಡಿಯಿಂದ ಹೊರಬಂದು ಅವನನ್ನು ನೆಲಕ್ಕೆ ನೂಕಿದನು. ಬಿದ್ದವನು ಬಿದ್ದಲ್ಲಿಂದಲೇ ಪಿಸ್ತೂಲು ತೆಗೆದು ನೂಕಿದವನನ್ನು ಕೊಂದನು. 2019ರಲ್ಲಿ ಅವನಿಗೆ 20 ವರ್ಷಗಳ ಶಿಕ್ಷೆಯಾಯಿತು. ಒಂದು ಕಡೆ ಅಂಗೈಯಗಲದ ಬೆಳಕು. ಒಂದು ಕಡೆ ಸದ್ದು. ಒಂದು ಕಡೆ ಕಾರು ನಿಲ್ಲಿಸುವಷ್ಟು ಜಾಗ. ಮೂರೂ ಕಡೆ ಹೋದದ್ದು ಪ್ರಾಣ.

ಆ ದೇಶದವರು ನಮಗಿಂತ ಸಿಡುಕರೆಂದು ಇದರಿಂದ ಊಹಿಸಬಾರದು. ರೈಲಿನಲ್ಲಿ ಕಿಟಕಿಯ ಪಕ್ಕದ ಸ್ಥಳಕ್ಕಾಗಿ, ಬೀದಿಯ ನಲ್ಲಿಯಲ್ಲಿ ಮೊದಲ ಕೊಡಕ್ಕಾಗಿ ಕೂಗಾಡುವುದರಲ್ಲಿ ನಾವೇನೂ ಹಿಂದುಳಿದವರಲ್ಲ. ವ್ಯತ್ಯಾಸವಿರುವುದು ಸ್ವಭಾವದಲ್ಲಿ ಅಷ್ಟಾಗಿ ಅಲ್ಲ, ಕಿಸೆಯಲ್ಲಿ. ನಮ್ಮ ದೇಶದಲ್ಲಿ 1959ನೆಯ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಸಾಮಾನ್ಯನು ಸರ್ಕಾರದ ಪರವಾನಗಿಯಿಲ್ಲದೆ ಪಿಸ್ತೂಲನ್ನು ಇಟ್ಟುಕೊಳ್ಳುವಂತಿಲ್ಲ. ಫ್ಲಾರಿಡಾದಲ್ಲಾದರೋ 2023ನೆಯ ಜುಲೈ 1ರಿಂದ, ಕಾನೂನು ಹೇಳುವ ಅರ್ಹತೆಯಿರುವವರು ಪರವಾನಗಿಯಿಲ್ಲದೆಯೇ ಅದನ್ನು ಮರೆಯಾಗಿಟ್ಟುಕೊಂಡು ತಿರುಗಬಹುದು. ಇದಲ್ಲದೆ, ಹೊರಗೆ ಅಪಾಯವೊದಗಿದಾಗ ಸಾಧ್ಯವಿದ್ದರೆ ಹಿಂದೆ ಸರಿಯಬೇಕೆಂಬ ಕರ್ತವ್ಯವನ್ನು ಅಲ್ಲಿಯ 2005ನೆಯ ಕಾನೂನು ತೆಗೆದುಹಾಕಿತು. ಪ್ರಾಣಭಯಕ್ಕೆ ನ್ಯಾಯವಾದ ಕಾರಣವಿದ್ದರೆ, ನಿಂತಲ್ಲಿಯೇ ನಿಂತು ಎದುರಿಸಬಹುದೆಂಬುದು ಅದರ ತಾತ್ಪರ್ಯ. ಕಳ್ಳಕಾಕರ ಭಯಕ್ಕೆಂದು ಇಟ್ಟುಕೊಂಡ ಆಯುಧವು ಕಳ್ಳನು ಬರುವವರೆಗೆ ಕಾಯುವುದೆಂಬ ಭರವಸೆಯೇನು? ಅದು ಒಡೆಯನೊಡನೆ ಚಿತ್ರಮಂದಿರಕ್ಕೂ ಬರುತ್ತದೆ, ಅಂಗಡಿಗೂ ಬರುತ್ತದೆ; ಅವನಿಗೆ ಸಿಟ್ಟು ಬಂದಾಗಲೂ ಅವನ ಕೈಗೆಟುಕುವಲ್ಲಿಯೇ ಇರುತ್ತದೆ.

ಪಿಸ್ತೂಲಿನ ದೊಡ್ಡ ಕೇಡು ಯಾವುದು? ಅದು ಕೋಪಕ್ಕೂ ಪಶ್ಚಾತ್ತಾಪಕ್ಕೂ ನಡುವಣ ಅವಧಿಯನ್ನು ಅಳಿಸಿಹಾಕುವುದು. ಹಿಂದೆ ಪಶ್ಚಿಮ ದೇಶಗಳಲ್ಲಿ ಮಾನಾಪಮಾನದ ಹೆಸರಿನಲ್ಲಿ ದ್ವಂದ್ವಯುದ್ಧವೆಂಬ ಕ್ರೂರ ಪದ್ಧತಿಯಿತ್ತು. ಅದರಲ್ಲಿಯೂ ಎರಡು ಪಕ್ಷಕ್ಕೂ ಸಹಾಯಕರಾಗಿ ನಿಂತ ಸ್ನೇಹಿತರು ಮೊದಲು ರಾಜಿಗೆ ಪ್ರಯತ್ನಿಸಬೇಕೆಂಬ ನಿಯಮವಿದ್ದಿತು. ಅಮೆರಿಕದ ಉಪಾಧ್ಯಕ್ಷ ಆರನ್ ಬರ್ ಎಂಬವನು ಅಲೆಕ್ಸಾಂಡರ್ ಹ್ಯಾಮಿಲ್ಟನ್ನನಿಗೆ ಆಕ್ಷೇಪದ ಮೊದಲ ಪತ್ರವನ್ನು ಬರೆದುದು 1804ನೆಯ ಜೂನ್ 18ರಂದು. ಅವರು ಪಿಸ್ತೂಲು ಹಿಡಿದು ನಿಂತದ್ದು ಜುಲೈ 11ರಂದು. ನಡುವೆ ಮೂರು ವಾರಗಳಿಗೂ ಮಿಕ್ಕಿದ ಕಾಲವಿತ್ತು. ಪತ್ರಗಳು ಓಡಾಡಿದವು, ಸ್ನೇಹಿತರು ಓಡಾಡಿದರು. ಅಷ್ಟಾದರೂ ಹ್ಯಾಮಿಲ್ಟನ್ ಉಳಿಯಲಿಲ್ಲವೆಂಬುದು ನಿಜ. ಆದರೆ ಆ ಅವಧಿಯಲ್ಲಿ ಯಾವ ದಿನವಾದರೂ ಒಬ್ಬನು ಮನಸ್ಸು ಬದಲಾಯಿಸಬಹುದಾಗಿತ್ತು. ಚಿತ್ರಮಂದಿರದ ಕತ್ತಲೆಯಲ್ಲಿ ದೊರೆತ ಅವಧಿ ಜೋಳದ ಅರಳು ನೆಲಕ್ಕೆ ಬೀಳುವಷ್ಟು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ ಎಂದು ನಮ್ಮ ಹಿರಿಯರು ಕೇಳಿದ್ದು ಇದನ್ನೇ.

ಕಾನೂನನ್ನು ತಿದ್ದುವುದು ಆಯಾ ದೇಶದವರಿಗೆ ಬಿಟ್ಟದ್ದು. ನಡತೆಯನ್ನು ತಿದ್ದುವುದು ಪ್ರತಿಯೊಂದು ಮನೆಗೂ ಸೇರಿದ್ದು. ನಮ್ಮ ವಾಚಕರಲ್ಲಿ ಎಷ್ಟೋ ಮಂದಿಯ ಮಕ್ಕಳು ಇಂದು ಅಮೆರಿಕದಲ್ಲಿಯೇ ನೆಲೆಸಿರುವರು. ಆದುದರಿಂದ ಕೆಲವು ಮಾತುಗಳನ್ನು ಸ್ಪಷ್ಟವಾಗಿ ಹೇಳುವೆವು.

ನಾಟಕ, ಸಂಗೀತ, ಚಲಚ್ಚಿತ್ರ, ಹರಿಕಥೆ ಎಲ್ಲಿಗೇ ಹೋಗಲಿ, ಫೋನಿನ ಬಾಯನ್ನು ಮುಚ್ಚಿ ಒಳಗಿಡತಕ್ಕದ್ದು. ಮನೆಯಲ್ಲಿ ಚಿಕ್ಕ ಮಗುವನ್ನೋ ಕಾಯಿಲೆಯವರನ್ನೋ ಬಿಟ್ಟು ಬಂದಿದ್ದರೆ ಸಾಲಿನ ತುದಿಯಲ್ಲಿ ಕುಳಿತು, ಅಗತ್ಯ ಬಿದ್ದಾಗ ಎದ್ದು ಹೊರಗೆ ಹೋಗಿ ಮಾತಾಡಿ ಬರಬೇಕು. ಯಾರಾದರೂ ಆಕ್ಷೇಪಿಸಿದರೆ, ಅವರ ದನಿ ಒರಟಾಗಿದ್ದರೂ, ನಮ್ಮ ಮೊದಲ ಮಾತು “ಕ್ಷಮಿಸಿ” ಎಂದಿರಲಿ. ಕಾರಣ ಹೇಳುವುದು ಆಮೇಲೆ.

ಆಕ್ಷೇಪಿಸುವವರಿಗೂ ಒಂದು ಕ್ರಮವುಂಟು. ಆಜ್ಞೆ ಮಾಡಬಾರದು, ಕೇಳಿಕೊಳ್ಳಬೇಕು. ಅದೂ ಒಂದೇ ಸಲ, ಮೆಲ್ಲಗೆ, ನಾಲ್ಕು ಜನರ ಮುಂದೆ ಅವರಿಗೆ ಮಾನಭಂಗವಾಗದಂತೆ. ಅವರು ಕೇಳದಿದ್ದರೆ ಅಲ್ಲಿಯ ಸಿಬ್ಬಂದಿಗೆ ತಿಳಿಸಬೇಕು. ಸಿಬ್ಬಂದಿ ಬರದಿದ್ದರೆ ಬೇರೆ ಸ್ಥಳಕ್ಕೆ ಹೋಗಿ ಕುಳಿತುಕೊಳ್ಳಬೇಕು. ದೂರು ಹೇಳಿ ಬಂದವನು ತಿರುಗಿ ಅದೇ ಸ್ಥಳದಲ್ಲಿ ಕುಳಿತು ಅದೇ ಮಾತನ್ನೆತ್ತುವುದು ಆರಿದ ಒಲೆಗೆ ಸೌದೆ ಒಡ್ಡಿದಂತೆ.

“ನ್ಯಾಯ ನನ್ನ ಕಡೆಗಿರುವಾಗ ನಾನೇಕೆ ಏಳಬೇಕು?” ಎಂದು ಕೇಳುವವರುಂಟು. ನ್ಯಾಯ ನಿಮ್ಮ ಕಡೆಗೆ ಇರಬಹುದು. ಎದ್ದು ಹೋದ ಮಾತ್ರಕ್ಕೆ ಅದು ನಿಮ್ಮನ್ನು ಬಿಟ್ಟು ಹೋಗುವುದಿಲ್ಲ. ಎದುರಿನವನ ಕಿಸೆಯಲ್ಲಿ ಏನಿದೆಯೆಂಬುದು ಮಾತ್ರ ನಿಮಗೆ ತಿಳಿಯದು. ನಿಮ್ಮ ಕೋಪ ಎಲ್ಲಿಯವರೆಗೆ ಏರೀತೆಂಬುದೂ ತಿಳಿಯದು. ಕೊನೆಯ ಮಾತನ್ನು ಅವನಿಗೆ ಬಿಟ್ಟುಕೊಟ್ಟರೆ ನಮಗಾಗುವ ನಷ್ಟ ಅರ್ಧ ಗಳಿಗೆಯ ಮುಖಭಂಗ. ಬಿಟ್ಟುಕೊಡದಿದ್ದರೆ ಆಗಬಹುದಾದ ನಷ್ಟವನ್ನು ಮೇಲೆ ಹೇಳಿದ ಮೂರು ಸಂಸಾರಗಳು ತೋರಿಸಿಕೊಟ್ಟಿವೆ. ಕೊಂದವರ ಸಂಸಾರಗಳನ್ನೂ ಸೇರಿಸಿದರೆ ಆರು.

ಈ ವಿದ್ಯೆಯನ್ನು ಮಕ್ಕಳಿಗೆ ಹೇಳಿಕೊಡುವುದು ಪುಸ್ತಕದಿಂದಲ್ಲ. ಹಾದಿಯಲ್ಲಿ ಒಬ್ಬನು ಅಡ್ಡ ನುಗ್ಗಿದಾಗ ತಂದೆಯು ಏನು ಹೇಳಿದನು, ಸಾಲಿನಲ್ಲಿ ಒಬ್ಬಳು ಮುಂದೆ ನುಸುಳಿದಾಗ ತಾಯಿಯು ಏನು ಮಾಡಿದಳು ಎಂಬುದನ್ನು ಮಕ್ಕಳು ನೋಡುತ್ತಲೇ ಇರುವರು. ಅವರು ಕಲಿಯುವುದು ಅದನ್ನೇ.