ಅಜ್ಜಿಯ ರೋಹಿಣಿ, ಗಣಕದ ರೋಹಿಣಿ

ದೆಹಲಿಯಲ್ಲಿದ್ದು ಆಕಾಶ ನೋಡುವುದೆಂದರೆ ಒಂದು ಸಾಹಸವೇ ಸರಿ. ಕಾರ್ತಿಕದಲ್ಲಿ ಹೊಗೆ, ಪುಷ್ಯದಲ್ಲಿ ಮಂಜು, ವೈಶಾಖದಲ್ಲಿ ಧೂಳು. ಇವೆಲ್ಲ ಕಳೆದು ಉಳಿದ ದಿನಗಳಲ್ಲಿ ಬೀದಿದೀಪಗಳ ಕಾಟ. ಹೀಗಿರುವಾಗ ಜನವರಿಯ ಒಂದು ದಿನ ಮಳೆ ಸುರಿದು, ರಾತ್ರಿಯ ಹೊತ್ತಿಗೆ ಆಕಾಶ ತಿಳಿಯಾಯಿತು. ನೋಯ್ಡಾದ ನಮ್ಮ ಮನೆಯವರೆಲ್ಲ ಶಾಲು ಹೊದ್ದು ಮಹಡಿ ಹತ್ತಿದೆವು.

ನಮ್ಮ ತಾಯಿ ಊರಿನ ಮನೆಗೆ ಬೀಗ ಹಾಕಿ ನಮ್ಮೊಡನೆ ಇರಲು ಬಂದು ಆಗ ಆರು ತಿಂಗಳಾಗಿತ್ತು. ಬಂದಂದಿನಿಂದ ಅವರಿಗೆ ಇಲ್ಲಿಯ ನೀರು ಹಿಡಿಸಿರಲಿಲ್ಲ, ಮಾತು ಹಿಡಿಸಿರಲಿಲ್ಲ. ಆ ರಾತ್ರಿ ಮೇಲೆ ನೋಡಿ, “ಈ ಊರಿನಲ್ಲಿ ನನ್ನ ನಕ್ಷತ್ರವೂ ಇಲ್ಲವಲ್ಲಪ್ಪ” ಎಂದರು. ಅವರದು ರೋಹಿಣಿ. ಊರಿನ ಜಗಲಿಯಲ್ಲಿ ಕುಳಿತು ಮೊದಲು ಕೃತ್ತಿಕೆಯ ಗೊಂಚಲನ್ನು ಹಿಡಿದು, ಅದರ ಬೆನ್ನಿಗೇ ರೋಹಿಣಿಯನ್ನು ತೋರಿಸುತ್ತಿದ್ದವರು ಅವರು. ಇಲ್ಲಿ ಕೃತ್ತಿಕೆಯೇ ಕಾಣದು. ದಾರಿಯ ಗುರುತು ಅಳಿಸಿದ ಮೇಲೆ ಮನೆ ಸಿಗುವುದೆಂತು?

ನಮ್ಮ ಮಗ ಹತ್ತನೆಯ ತರಗತಿಯವನು. “ಅಜ್ಜಿ, ತಡಿ, ಹುಡುಕಿಕೊಡುತ್ತೇನೆ” ಎಂದು ಗಣಕವನ್ನು ಮೇಲಕ್ಕೇ ಹೊತ್ತು ತಂದ.

ಇಲ್ಲಿ ವಾಚಕರಿಗೆ ಒಂದು ಮಾತು ಹೇಳಬೇಕು. ಭೂಮಿಯ ಮೇಲಿನ ಊರಿಗೆ ಅಕ್ಷಾಂಶ ರೇಖಾಂಶಗಳಿರುವಂತೆ ನಕ್ಷತ್ರಕ್ಕೂ ಎರಡು ಅಂಕಿಗಳ ವಿಳಾಸವುಂಟು. ಆಕಾಶದ ನಡುಗೆರೆಯಿಂದ ಎಷ್ಟು ಉತ್ತರ ಅಥವಾ ದಕ್ಷಿಣ ಎನ್ನುವುದು ಕ್ರಾಂತಿ. ಆ ಗೆರೆಯ ಗುಂಟ ಪೂರ್ವಕ್ಕೆ ಎಷ್ಟು ಎನ್ನುವುದು ವಿಷುವಾಂಶ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ನಕ್ಷತ್ರಪಟ್ಟಿಗಳ ದೊಡ್ಡ ಭಂಡಾರವೊಂದಿದೆ. ೧೯೯೬ರಿಂದ ನಡೆದುಬಂದಿರುವ ಇದರ ಹೆಸರು ವಿಝಿಯರ್. ಗಣಕದ ಕಪ್ಪು ಕಿಟಕಿಯಲ್ಲಿ ‘ವಿಝ್‌ಕ್ವೆರಿ’ ಎಂಬ ಆಜ್ಞೆಯನ್ನು ಬೆರಳಚ್ಚಿಸಿ, ಯಾವ ಪಟ್ಟಿ, ಯಾವ ವಿಳಾಸ, ಸುತ್ತ ಎಷ್ಟು ದೂರ ಎಂಬ ಮೂರು ಸಂಗತಿ ತಿಳಿಸಿದರೆ ಸಾಕು. ಆ ವೃತ್ತದೊಳಗಿನ ನಕ್ಷತ್ರಗಳು ಸಾಲುಸಾಲಾಗಿ ಬರುತ್ತವೆ. ಬಣ್ಣವಿಲ್ಲ, ಚಿತ್ರವಿಲ್ಲ, ಬರಿಯ ಅಂಕಿಗಳು.

ಪಟ್ಟಿಯನ್ನು ಆರಿಸುವಲ್ಲಿಯೂ ವಿವೇಕ ಬೇಕು. ಗಾಯಾ ಉಪಗ್ರಹದ ೨೦೨೨ರ ಪಟ್ಟಿಯಲ್ಲಿ ೧೮೦ ಕೋಟಿಗೂ ಹೆಚ್ಚು ಆಕಾಶಕಾಯಗಳಿವೆ. ಆದರೆ ಬರಿಗಣ್ಣಿಗೆ ಥಳಥಳಿಸುವ ಅತ್ಯುಜ್ವಲ ತಾರೆಗಳು ಅದರ ಕಣ್ಣು ಕುಕ್ಕುವುದರಿಂದ ಅವುಗಳಿಗೆ ಅದು ತಕ್ಕದ್ದಲ್ಲ. ೧೯೯೭ರಲ್ಲಿ ಪ್ರಕಟವಾದ ಹಿಪ್ಪಾರ್ಕಸ್ ಪಟ್ಟಿಯಲ್ಲಿರುವುದು ೧,೧೮,೨೧೮ ನಕ್ಷತ್ರಗಳು ಮಾತ್ರ. ನಮ್ಮ ಕೆಲಸಕ್ಕೆ ಅದೇ ಸರಿ.

ನಾವು ಹಳೆಯ ಪುಸ್ತಕ ನೋಡಿ, ದೊಡ್ಡ ಜಾಣರಂತೆ, “ವಿಷುವಾಂಶ ೪.೬, ಕ್ರಾಂತಿ ಉತ್ತರ ೧೬.೫, ಸುತ್ತ ಎರಡು ಡಿಗ್ರಿ” ಎಂದು ಹೇಳಿದೆವು. ಎರಡು ಡಿಗ್ರಿಯೆಂದರೆ ಕೈಚಾಚಿ ಹಿಡಿದ ಹೆಬ್ಬೆರಳಿನಷ್ಟು ಅಗಲ. ಹುಡುಗ ಬರೆದ; ಉತ್ತರ ಬಂತು. ಬಂದ ಸಾಲುಗಳಲ್ಲಿ ಅತ್ಯುಜ್ವಲವಾದುದು ೧೦೬೭ನೆಯ ನಕ್ಷತ್ರ. ನಕ್ಷೆಯಲ್ಲಿ ಅದರ ಜಾಗ ನೋಡಿಕೊಂಡು ಪಶ್ಚಿಮಕ್ಕೆ, ನೀರಿನ ಟ್ಯಾಂಕಿನ ಕಡೆಗೆ ಬೆರಳು ಮಾಡಿದ.

ತಾಯಿ ಆ ಕಡೆ ತಿರುಗಲೂ ಇಲ್ಲ. “ಪುಷ್ಯಮಾಸದಲ್ಲಿ ಊಟದ ಹೊತ್ತಿಗೆ ರೋಹಿಣಿ ನೆತ್ತಿಗೆ ಬಂದಿರಬೇಕು ಕಣೋ. ನೀನು ಮುಳುಗುವ ನಕ್ಷತ್ರ ತೋರಿಸುತ್ತೀಯಲ್ಲ!” ಎಂದರು.

ತಪ್ಪು ಹುಡುಗನದಲ್ಲ, ನಮ್ಮದು. ಪುಸ್ತಕದ ೪.೬ ಎನ್ನುವುದು ಗಂಟೆಯ ಲೆಕ್ಕ. ದಶಮಾಂಶದಲ್ಲಿ ಬರೆದರೆ ಗಣಕ ಅದನ್ನು ಡಿಗ್ರಿ ಎಂದೇ ಓದುತ್ತದೆ. ಆಕಾಶದ ಸುತ್ತು ೨೪ ಗಂಟೆಗೆ ೩೬೦ ಡಿಗ್ರಿ, ಎಂದರೆ ಗಂಟೆಗೆ ೧೫. ನಾವು ೬೯ ಎನ್ನಬೇಕಾಗಿತ್ತು. ಗಣಕ ಹುಡುಕಿಕೊಟ್ಟದ್ದು ಉತ್ತರಾಭಾದ್ರೆಯ ತಾರೆಯನ್ನು! ನಡುವೆ ರೇವತಿ, ಅಶ್ವಿನಿ, ಭರಣಿ, ಕೃತ್ತಿಕೆ, ಇಷ್ಟನ್ನೂ ನಾವು ನುಂಗಿ ನೀರು ಕುಡಿದಿದ್ದೆವು. ಇಂಥ ಲೆಕ್ಕದಿಂದ ಜಾತಕ ಬರೆದಿದ್ದರೆ ಗತಿಯೇನು!

ಅಂಕಿ ತಿದ್ದಿದ ಮೇಲೆ ಪಟ್ಟಿಯ ೨೧೪೨೧ನೆಯ ನಕ್ಷತ್ರ ಬಂತು. ಪ್ರಕಾಶದ ಅಂಕಣದಲ್ಲಿ ೦.೮೭, ಈ ಅಂಕಿ ಚಿಕ್ಕದಾದಷ್ಟೂ ನಕ್ಷತ್ರ ಉಜ್ವಲ. ನೆತ್ತಿಯಿಂದ ತುಸು ದಕ್ಷಿಣಕ್ಕೆ, ಕೆಂಪಗೆ, ಒಂಟಿಯಾಗಿ ಅದು ಅಲ್ಲಿಯೇ ಇತ್ತು. ತಾಯಿ ಬಹಳ ಹೊತ್ತು ನೋಡಿದರು.

ವಿಳಾಸದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಭೂಮಿಯ ಅಕ್ಷ ಮೆಲ್ಲಗೆ ಓಲಾಡುವುದರಿಂದ ಈ ಅಂಕಿಗಳೂ ಕಾಲಕ್ರಮದಲ್ಲಿ ಸರಿಯುತ್ತವೆ. ದೆಹಲಿಯ ಜಂತರ್ ಮಂತರ್ ಅನ್ನು ೧೭೨೪ರಲ್ಲಿ ಕಟ್ಟಿಸಿದ ಸವಾಯಿ ಜಯಸಿಂಹನಿಗೂ ಈ ತೊಡಕು ಬಂದಿತ್ತು. ಸಮರ್‌ಖಂಡದ ಉಲೂಗ್ ಬೇಗನ ಹಳೆಯ ಪಟ್ಟಿಯ ಸಾವಿರಕ್ಕೂ ಹೆಚ್ಚು ನಕ್ಷತ್ರಗಳನ್ನು ತನ್ನ ಗ್ರಂಥಕ್ಕೆ ತೆಗೆದುಕೊಳ್ಳುವಾಗ, ಸುಮಾರು ಮುನ್ನೂರು ವರ್ಷಗಳ ಅಂತರಕ್ಕಾಗಿ ಒಂದೊಂದರ ರೇಖಾಂಶಕ್ಕೂ ನಾಲ್ಕು ಡಿಗ್ರಿಗಿಂತ ತುಸು ಹೆಚ್ಚು ಕೂಡಿಸಿದನು. ಆದ್ದರಿಂದ ಪಟ್ಟಿ ಯಾವ ವರ್ಷದ ಲೆಕ್ಕದ್ದೆಂದು ನೋಡದೆ ಹುಡುಕಬಾರದು. ಈಗ ಸಾಮಾನ್ಯವಾಗಿ ಬಳಸುವುದು ೨೦೦೦ದ ಲೆಕ್ಕ.

ಕೆಳಗಿಳಿಯುವಾಗ ಮಗ, “ಅಜ್ಜಿ, ನೀನು ಹುಟ್ಟಿದಾಗ ರೋಹಿಣಿ ನೆತ್ತಿಯ ಮೇಲಿತ್ತೇ?” ಎಂದು ಕೇಳಿದ. “ನೆತ್ತಿಯ ಮೇಲಲ್ಲ ಮಗು, ಅವೊತ್ತು ಚಂದ್ರ ರೋಹಿಣಿಯ ಮನೆಯಲ್ಲಿದ್ದ” ಎಂದರು. ಚಂದ್ರನ ದಾರಿಯನ್ನು ಇಪ್ಪತ್ತೇಳು ಪಾಲು ಮಾಡಿದರೆ ಒಂದೊಂದು ಪಾಲು ಒಂದು ನಕ್ಷತ್ರ; ಜನ್ಮನಕ್ಷತ್ರದ ಅರ್ಥ ಇಷ್ಟೇ.

ಪಟ್ಟಿಯ ಇನ್ನೊಂದು ಅಂಕಣದಿಂದ ದೂರವನ್ನು ಲೆಕ್ಕಹಾಕಿ ಹುಡುಗ ಹೇಳಿದ: ಅಲ್ಲಿಂದ ಬೆಳಕು ಇಲ್ಲಿಗೆ ಬರಲು ಸುಮಾರು ೬೫ ವರ್ಷ. ನಮ್ಮ ತಾಯಿಗೂ ಆಗ ಅರವತ್ತೈದು. “ಹಾಗಾದರೆ ಅದೂ ನನ್ನ ಜೊತೆಗೇ ಹೊರಟು ಇವೊತ್ತು ದೆಹಲಿಗೆ ಬಂತು ಅನ್ನು” ಎಂದು ನಕ್ಕರು.

ಆಮೇಲೆ ಆಕಾಶ ತಿಳಿಯಾದಾಗಲೆಲ್ಲ ಶಾಲು ಹೊದ್ದು ಮೊದಲು ಮಹಡಿ ಹತ್ತುವವರು ಅವರೇ. ವಾಚಕರ ಮನೆಯಲ್ಲಿಯೂ ಒಬ್ಬ ಅಜ್ಜಿ, ಒಬ್ಬ ಮೊಮ್ಮಗ ಇದ್ದರೆ ಮುಂದಿನ ಚಳಿಗಾಲದಲ್ಲಿ ಹೀಗೆ ಮಾಡಿನೋಡಿ. ಗಂಟೆಯನ್ನು ಹದಿನೈದರಿಂದ ಗುಣಿಸಲು ಮಾತ್ರ ಮರೆಯಬೇಡಿ.